ಒಬ್ಬರು ಬರೆದರು, ಇನ್ನೊಬ್ಬರು ಬೇಡ ಅಂದರು

ಪ್ರಶ್ನೆ: ಐದು ದಿನದಿಂದ ಶೀತ, ಕೆಮ್ಮು. ಜ್ವರ ಇಲ್ಲ, ಆದರೆ ಕಫ ಹಸಿರಾಗಿದೆ. ಒಬ್ಬ ಡಾಕ್ಟರು ಮೂರು ದಿನಕ್ಕೆ ಅಜಿತ್ರೊಮೈಸಿನ್ ಬರೆದುಕೊಟ್ಟರು. ಮಾತ್ರೆ ಶುರು ಮಾಡುವ ಮೊದಲು ಇನ್ನೊಬ್ಬರಿಗೆ ತೋರಿಸಿದೆ, ಅವರು ಆಂಟಿಬಯಾಟಿಕ್ ಬೇಡವೇ ಬೇಡ ಅಂದರು. ಯಾರ ಮಾತು ಕೇಳಲಿ?

ಉತ್ತರ: ನೀವು ಬರೆದಿರುವಷ್ಟನ್ನೇ ನೋಡಿದರೆ ನಾನು ಎರಡನೆಯವರ ಕಡೆ. ಶೀತ ಬರುವುದು ವೈರಸ್‌ನಿಂದ, ಇಂಥ ಕೆಮ್ಮೂ ಬಹುಪಾಲು ಹಾಗೇ. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ಕಫದ ಬಣ್ಣ ನೋಡಿ ಗಾಬರಿಯಾಗಬೇಡಿ. ಸೋಂಕಿನ ಜೊತೆ ಹೋರಾಡಲು ಬರುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇರುತ್ತದೆ, ಬಣ್ಣ ಬರುವುದು ಅದರಿಂದ. ವೈರಸ್ ಆದರೂ ಹಸಿರೇ, ಬ್ಯಾಕ್ಟೀರಿಯಾ ಆದರೂ ಹಸಿರೇ.

ಹಾಗಾದರೆ ಮೊದಲನೆಯವರು ಯಾಕೆ ಬರೆದರು ಅಂತ ಕೇಳ್ತೀರಿ, ಅಲ್ವಾ? ಅವರ ಮನಸ್ಸಿನಲ್ಲಿ ಏನಿತ್ತೋ ಹೇಳಲಾರೆ. ಆದರೆ ಚೀಟಿಯಲ್ಲಿ ಏನು ಬರುತ್ತದೆ ಅನ್ನುವುದನ್ನು ಯಾವಾಗಲೂ ಕಾಯಿಲೆಯೊಂದೇ ತೀರ್ಮಾನಿಸುವುದಿಲ್ಲ. ಅಮೆರಿಕದಲ್ಲಿ 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಡಾಕ್ಟರು ಕೂತು ಗಂಟೆಗಳು ಕಳೆದಂತೆ ಶೀತ-ಕೆಮ್ಮಿಗೆ ಆಂಟಿಬಯಾಟಿಕ್ ಬರೆಯುವುದು ಜಾಸ್ತಿಯಾಗುತ್ತಾ ಹೋಗಿತ್ತು. ದಣಿವು, ಹೊರಗೆ ಕಾಯುತ್ತಿರುವ ಜನ, 'ಏನಾದ್ರೂ ಸ್ಟ್ರಾಂಗ್ ಆಗಿ ಕೊಡಿ ಡಾಕ್ಟ್ರೇ' ಅನ್ನುವ ನಾವು. ಬೇಡ ಅಂತ ಬಿಡಿಸಿ ಹೇಳುವುದಕ್ಕಿಂತ ಬರೆದುಕೊಡುವುದು ಬೇಗ ಮುಗಿಯುತ್ತದೆ. ಅದೇ ದೇಶದ 2016ರ ಇನ್ನೊಂದು ಲೆಕ್ಕದಂತೆ, ಹೊರರೋಗಿಗಳಿಗೆ ಬರೆದ ಆಂಟಿಬಯಾಟಿಕ್ ಚೀಟಿಗಳಲ್ಲಿ ಕನಿಷ್ಠ 30%ರಷ್ಟು ಅಗತ್ಯವೇ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಈ ಔಷಧಿಗಳನ್ನು ಆಕ್ಸೆಸ್, ವಾಚ್, ರಿಸರ್ವ್ ಅಂತ ಮೂರು ಗುಂಪು ಮಾಡಿತು. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಮೊದಲನೆಯದರಲ್ಲಿದೆ, ಅಂದರೆ ಬೇಕಾದಾಗ ಮೊದಲು ಕೈಹಾಕಬಹುದಾದ್ದು. ನಿಮ್ಮ ಅಜಿತ್ರೊಮೈಸಿನ್ ಎರಡನೆಯದರಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೇಗ ಔಷಧಿಗೇ ಬಗ್ಗದಂತೆ ಪಳಗಿಬಿಡುವ ಭಯ ಇರುವುದರಿಂದ ಕೈ ಬಿಗಿಹಿಡಿದು ಬಳಸಬೇಕಾದ್ದು. ದಿನಕ್ಕೊಂದು, ಮೂರೇ ದಿನ, ಮುಗೀತು ಅನ್ನುವ ಅನುಕೂಲಕ್ಕೇ ಅದು ಇಷ್ಟು ಸಲೀಸಾಗಿ ಚೀಟಿಗೆ ಬರುತ್ತದೆ ಅನ್ನುವುದು ನನ್ನ ಗುಮಾನಿ. ಸುಮ್ನೆ ನುಂಗಿದರೆ ಹೊಟ್ಟೆ ಕೆಡುವುದು, ಭೇದಿ ನಿಮಗೇ ಗಂಟು.

ಮುಂದಿನ ಸಲ ಡಾಕ್ಟರನ್ನು ನೇರವಾಗಿ ಕೇಳಿ: 'ಇದು ಈಗಲೇ ಬೇಕಾ, ಎರಡು ದಿನ ಕಾಯಬಹುದಾ?' ಕೆಲವರು ಚೀಟಿ ಕೊಟ್ಟು, ಕಡಿಮೆಯಾಗದಿದ್ದರೆ ಮಾತ್ರ ತಗೊಳ್ಳಿ ಅನ್ನುತ್ತಾರೆ, ಅದೂ ಒಳ್ಳೆಯ ದಾರಿ. ಇಂಥ ಕೆಮ್ಮು ಮೂರು ವಾರ ಎಳೆಯುವುದು ಮಾಮೂಲು. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಕಫದಲ್ಲಿ ರಕ್ತ ಕಂಡರೆ, ಇಳಿದ ಕಾಯಿಲೆ ಜ್ವರದ ಜೊತೆ ಮತ್ತೆ ಏರಿದರೆ ಕಾಯಬೇಡಿ, ಅವತ್ತೇ ತೋರಿಸಿ.