ಎಚ್-4 ವೀಸಾದಲ್ಲಿ ಹೊರಟಾಗ ಇಲ್ಲಿನ ಎಫ್‌ಡಿ, ಅಲ್ಲಿನ ಟ್ಯಾಕ್ಸ್

ಆಗಸ್ಟ್‌ನಲ್ಲಿ ಎಚ್-4 (ಅಲ್ಲಿ ಕೆಲಸ ಮಾಡುವವರ ಸಂಗಾತಿಗೆ ಸಿಗುವ ಅವಲಂಬಿತ ವೀಸಾ) ಮೇಲೆ ಗಂಡನ ಜೊತೆ ಅಮೆರಿಕಕ್ಕೆ ಹೋಗುತ್ತಿದ್ದೀನಿ, ನನಗೆ ಸಂಬಳವಿಲ್ಲ, ಭಾರತದ ಎಫ್‌ಡಿ ಹಾಗೇ ಬಿಡಬಹುದಲ್ವಾ ಎಂದು ಕೇಳಿದ್ದೀರಿ. ಎಫ್‌ಡಿ ಇರಲಿ, ಆದರೆ ಸುಮ್ನೆ ಬಿಡಬೇಡಿ. ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳು ಭಾರತದ ಆದಾಯಕ್ಕೆ ಇಟ್ಟುಕೊಳ್ಳುವ ರೂಪಾಯಿ ಖಾತೆ) ಮಾಡಿಸಿ. ಅದರ ಬಡ್ಡಿಗೆ 30% ಟಿಡಿಎಸ್ ಹಿಡಿಯುತ್ತಾರೆ. ಜಾಸ್ತಿ ಹಿಡಿದದ್ದು ಭಾರತದಲ್ಲಿ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ.

ಅಮೆರಿಕದಲ್ಲಿ ಗಂಡನ ಜೊತೆ ಜಂಟಿ ರಿಟರ್ನ್ ಹಾಕಿದರೆ ಸಾಮಾನ್ಯವಾಗಿ ಟ್ಯಾಕ್ಸ್ ಇಳಿಯುತ್ತದೆ. ಆದರೆ ಈ ಎಫ್‌ಡಿ ಬಡ್ಡಿಯನ್ನೂ ಅಲ್ಲಿ ತೋರಿಸಬೇಕು. ಎರಡನೇ ವರ್ಷದಿಂದ ಎಫ್‌ಬಿಎಆರ್ (ವಿದೇಶಿ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವರದಿ) ನೆನಪಿಡಿ: ನಿಮ್ಮ ಭಾರತದ ಖಾತೆಗಳೆಲ್ಲ ಸೇರಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಸಲ್ಲಿಸಬೇಕು. ಅದು ಬರೀ ಮಾಹಿತಿ, ಟ್ಯಾಕ್ಸ್ ಅಲ್ಲ. ಮರೆತರೆ ದಂಡ ಮಾತ್ರ ದೊಡ್ಡದು.

ಕೆಲಸದ ಪರವಾನಗಿ ಇಲ್ಲದೆ ಎಸ್‌ಎಸ್‌ಎನ್ (ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ) ಸಿಗುವುದಿಲ್ಲ, ಅಲ್ಲಿನ ರಿಟರ್ನ್ ಜೊತೆಗೆ ಡಬ್ಲ್ಯೂ-7 ಅರ್ಜಿ ಹಾಕಿ ಐಟಿಐಎನ್ (ಟ್ಯಾಕ್ಸ್‌ಗೆ ಮಾತ್ರ ಬಳಸುವ ಸಂಖ್ಯೆ) ಪಡೆಯಬೇಕು. ನಾನು ಗುರುತಿನ ಪುರಾವೆಗೆ ಅರ್ಜಿ ಜೊತೆ ಮೂಲ ಪಾಸ್‌ಪೋರ್ಟನ್ನೇ ಲಕೋಟೆಗೆ ಹಾಕಿ ಕಳಿಸಿಬಿಟ್ಟೆ. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂತು, ಹೊರಡೋಕೇ ಆಗಲಿಲ್ಲ. ನೀವು ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ (ದಾಖಲೆ ದೃಢೀಕರಿಸಲು ಅಮೆರಿಕದ ಟ್ಯಾಕ್ಸ್ ಇಲಾಖೆ ಅಧಿಕಾರ ಕೊಟ್ಟವರು) ಹತ್ತಿರ ಹೋಗಿ, ಪಾಸ್‌ಪೋರ್ಟ್ ನೋಡಿ ಅಲ್ಲೇ ವಾಪಸ್ ಕೊಡುತ್ತಾರೆ.

ಮ್ಯೂಚುವಲ್ ಫಂಡ್ ಇದ್ದರೆ ಹೊರಡುವ ಮೊದಲೇ ಎರಡೂ ದೇಶದ ನಿಯಮ ಗೊತ್ತಿರುವ ಸಿಎ ಜೊತೆ ಮಾತಾಡಿ. ಅಲ್ಲಿನ ಬ್ಯಾಂಕ್ ಖಾತೆಗೆ ನಿಮ್ಮ ಹೆಸರನ್ನೂ ಮೊದಲ ವಾರದಲ್ಲೇ ಸೇರಿಸಿಕೊಳ್ಳಿ.