ಯಾರು ಗೆದ್ದರು ಎನ್ನುವುದು ಬೇಡ, ವಾಕ್ಯ ಏನಾಯಿತು ಹೇಳಿ

ನಮಸ್ಕಾರ,

‘ವಿಕಿಪೀಡಿಯದ ಕುರುಕ್ಷೇತ್ರ’ ಎಂಬ ನಿಮ್ಮ ಬರಹವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಯ ಮಾತ್ರ ಒಳ್ಳೆಯದು. ಅದಕ್ಕೇ ‘ಸ್ಥಳಾವಕಾಶವಿಲ್ಲ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳದೆ, ಎಲ್ಲೆಲ್ಲಿ ಎಡವಿದ್ದೀರಿ ಎಂದು ಬಿಡಿಸಿ ಹೇಳುತ್ತಿದ್ದೇನೆ.

ನೀವು ಹೇಳಹೊರಟಿರುವುದು ಇಷ್ಟು. ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ವಿಡಿಯೋ ಗೇಮ್ 2020ರ ಜೂನ್ 19ರಂದು ಪ್ಲೇಸ್ಟೇಷನ್ 4ಕ್ಕೆ ಬಂತು. ವಿಮರ್ಶಕರು ಮೆಚ್ಚಿದರು, ಆಟಗಾರರಲ್ಲಿ ಒಂದು ಗುಂಪು ಕೆರಳಿತು. ಮೆಟಾಕ್ರಿಟಿಕ್ ತಾಣದಲ್ಲಿ ಬಳಕೆದಾರರು ಕೊಟ್ಟ ಕಡಿಮೆ ಅಂಕವನ್ನು ಇಂಗ್ಲಿಷ್ ವಿಕಿಪೀಡಿಯದ ಲೇಖನಕ್ಕೆ ಸೇರಿಸಬೇಕೋ ಬೇಡವೋ ಎಂದು ಸ್ವಯಂಸೇವಕ ಸಂಪಾದಕರು ಕಿತ್ತಾಡಿದರು. ‘ಕೊನೆಗೆ ಹಳಬರು ಗೆದ್ದರು, ಜನರ ದನಿ ಅಳಿಸಿಹೋಯಿತು’ ಎಂದು ಮುಗಿಸಿದ್ದೀರಿ.

ಮೊದಲ ನಾಲ್ಕು ಪ್ಯಾರಾಗಳನ್ನು ತೆಗೆದುಬಿಡಿ. ಕೌರವರು, ಪಾಂಡವರು, ಕೀಬೋರ್ಡ್ ಎಂಬ ಗದೆ, ಇವೆಲ್ಲ ಬರುವಷ್ಟರಲ್ಲಿ ಓದುಗರು ಎದ್ದುಹೋಗಿರುತ್ತಾರೆ. ಜಗಳ ಯಾವ ವಾಕ್ಯದ ಮೇಲೆ ಎಂಬುದು ಐದನೇ ಪ್ಯಾರಾದಲ್ಲಿ ಬರುತ್ತದೆ, ಅದೂ ನಿಮ್ಮ ಮಾತಿನಲ್ಲಿ. ಲೇಖನದಲ್ಲಿ ಇದ್ದ ಸಾಲು ಯಾವುದು, ಅದು ಏನಾಗಿ ಬದಲಾಯಿತು ಎಂಬುದು ಎಲ್ಲೂ ಇಲ್ಲ. ಬರಹದ ದೊಡ್ಡ ಕೊರತೆ ಇದೇ. ವಿಕಿಪೀಡಿಯದಲ್ಲಿ ಪ್ರತಿ ತಿದ್ದುಪಡಿಯೂ ಗಂಟೆ ನಿಮಿಷದ ಸಮೇತ ದಾಖಲಾಗಿರುತ್ತದೆ. ಅಷ್ಟು ದಾಖಲೆ ಕೈಗೆ ಸಿಗುವ ಜಗಳದ ಬಗ್ಗೆ ‘ವಾದ ತಾರಕಕ್ಕೇರಿತು’ ಎಂದು ಬರೆದು ಮುಂದೆ ಹೋದರೆ ಹೇಗೆ?

ಇನ್ನು ಅಂಕದ ವಿಷಯ. ಇದರಲ್ಲಿ ನಿಮ್ಮ ತಿಳುವಳಿಕೆಯೇ ಸ್ವಲ್ಪ ದಾರಿ ತಪ್ಪಿದೆ. ಮೆಟಾಕ್ರಿಟಿಕ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ವಿಮರ್ಶಕರದ್ದು 100ಕ್ಕೆ. ಅದು ಪತ್ರಿಕೆಗಳ ಅಂಕಗಳನ್ನು ತೂಕ ಹಾಕಿ ತೆಗೆದ ಸರಾಸರಿ, ಈ ಆಟಕ್ಕೆ 93 ಬಂದಿದೆ. ಬಳಕೆದಾರರದ್ದು 10ಕ್ಕೆ. ಅಲ್ಲಿ ಖಾತೆ ತೆರೆದ ಯಾರು ಬೇಕಾದರೂ ಅಂಕ ಒತ್ತಬಹುದು; ಆಟ ಕೊಂಡಿದ್ದಾರೆಯೇ, ಆಡಿದ್ದಾರೆಯೇ ಎಂದು ಕೇಳುವವರಿಲ್ಲ. ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾಗುವ ಈ ಆಟಕ್ಕೆ ಬಿಡುಗಡೆಯ ದಿನವೇ ಸೊನ್ನೆ ಅಂಕಗಳು ಸುರಿದವು. ಮೆಟಾಕ್ರಿಟಿಕ್ ಮುಂದಿನ ತಿಂಗಳೇ ನಿಯಮ ಬದಲಿಸಿ, ಯಾವುದೇ ಆಟ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ವಿಮರ್ಶೆ ಹಾಕುವಂತಿಲ್ಲ ಎಂದಿತು. ನಿಮ್ಮ ಬರಹದಲ್ಲಿ ಈ 36 ಗಂಟೆಯ ಸುದ್ದಿಯೇ ಇಲ್ಲ.

ಇಂಗ್ಲಿಷ್ ವಿಕಿಪೀಡಿಯದ ನಿಯಮದ ಪ್ರಕಾರ ಯಾರು ಬೇಕಾದರೂ ತುಂಬಬಹುದಾದ ಮಾಹಿತಿ ನಂಬಲರ್ಹ ಮೂಲ ಅಲ್ಲ. ಈ ನಿಯಮ ಈ ಆಟಕ್ಕೆಂದು ಹುಟ್ಟಿದ್ದಲ್ಲ. ಬಳಕೆದಾರರ ಅಂಕ 10ಕ್ಕೆ 9.8 ಇದ್ದರೂ ಅದನ್ನು ಹಾಗೇ ಎತ್ತಿ ಹಾಕುವಂತಿಲ್ಲ. ಆದರೆ ಆ ಅಂಕದ ಸುರಿಮಳೆಯ ಬಗ್ಗೆ ಪತ್ರಿಕೆಗಳು ವರದಿ ಮಾಡಿದರೆ, ಆ ವರದಿ ಮೂಲವಾಗುತ್ತದೆ. ಆಗ ಲೇಖನ ಹೇಳುವುದು ‘ಆಟ ಕೆಟ್ಟದು’ ಎಂದಲ್ಲ, ‘ಹೀಗೊಂದು ಘಟನೆ ನಡೆಯಿತು’ ಎಂದು. ಲೇಖನವನ್ನು ಈಗ ತೆರೆದು ನೋಡಿ, ಆಟಗಾರರ ಸಿಟ್ಟಿನ ಪ್ರಸ್ತಾಪ ಅಲ್ಲಿದೆ. ‘ಜನರ ದನಿ ಅಳಿಸಿಹೋಯಿತು’ ಎಂಬ ನಿಮ್ಮ ಕೊನೆಯ ಸಾಲು ಅಲ್ಲಿಗೇ ಬಿದ್ದುಹೋಗುತ್ತದೆ.

ನಾನು ಏನು ಕೇಳುತ್ತಿದ್ದೇನೆ ಎಂಬುದು ಸ್ಪಷ್ಟವಾಗಲಿ ಎಂದು ಮಾದರಿಗೆ ಮೂರು ವಾಕ್ಯ ಬರೆಯುತ್ತೇನೆ. ಇವು ನನ್ನವು, ಲೇಖನದಿಂದ ಎತ್ತಿದ್ದಲ್ಲ. ಒಂದು: ‘ವಿಮರ್ಶಕರು ಹೊಗಳಿದರೂ ಆಟಗಾರರು ಈ ಆಟವನ್ನು ತಿರಸ್ಕರಿಸಿದರು.’ ಇದಕ್ಕೆ ಮೂಲವಿಲ್ಲ. ‘ಆಟಗಾರರು’ ಎಂದರೆ ಯಾರು, ಎಷ್ಟು ಮಂದಿ? ಹಾಕಿದ ಕೂಡಲೇ ಯಾರಾದರೂ ತೆಗೆಯುತ್ತಾರೆ, ತೆಗೆಯುವುದು ಸರಿಯೂ ಹೌದು. ಎರಡು: ‘ಆಟಕ್ಕೆ ಮಿಶ್ರ ಪ್ರತಿಕ್ರಿಯೆ ಬಂತು.’ ಎರಡೂ ಕಡೆಯವರನ್ನು ಸಮಾಧಾನಪಡಿಸಲು ಹೊರಟ ಸಾಲು, ಅಡ್ಡಗೋಡೆಯ ಮೇಲಿಟ್ಟ ದೀಪ. 93 ಅಂಕ ಬಂದ ಆಟಕ್ಕೆ ವಿಮರ್ಶಕರ ಪ್ರತಿಕ್ರಿಯೆ ಮಿಶ್ರ ಎನ್ನುವುದು ಶುದ್ಧ ತಪ್ಪು. ಮೂರು: ‘ಬಿಡುಗಡೆಯ ಬೆನ್ನಲ್ಲೇ ಮೆಟಾಕ್ರಿಟಿಕ್‌ನಲ್ಲಿ ಸಾಮೂಹಿಕವಾಗಿ ಕಡಿಮೆ ಅಂಕ ಹಾಕಲಾಯಿತು, ಆಟ ಮುಗಿಸಲು ಬೇಕಾದಷ್ಟು ಸಮಯವೂ ಕಳೆಯುವ ಮೊದಲೇ ಬಂದ ಅಂಕಗಳಿವು ಎಂದು ಪತ್ರಿಕೆಗಳು ಗುರುತಿಸಿದವು.’ ಇದು ನಿಲ್ಲುತ್ತದೆ, ಪ್ರತಿ ಭಾಗಕ್ಕೂ ಉಲ್ಲೇಖ ಕೊಡಬಹುದು. ಆದರೂ ಇದರ ಮೇಲೂ ತಕರಾರು ಬರುತ್ತದೆ: ‘ಸಿಟ್ಟಾದವರಲ್ಲಿ ಆಟ ಮುಗಿಸಿದವರೂ ಇದ್ದರು, ಅವರ ಕಾರಣಗಳನ್ನು ಏಕೆ ಹೇಳಲಿಲ್ಲ?’ ನ್ಯಾಯವಾದ ಪ್ರಶ್ನೆ. ಆಮೇಲಿನ ವಾದ ನಡೆಯುವುದು ಯಾವ ಕಾರಣಕ್ಕೆ ಎಷ್ಟು ಸಾಲು ಕೊಡಬೇಕು ಎಂಬುದರ ಮೇಲೆ. ನಿಮ್ಮ ಬರಹ ಶುರುವಾಗಬೇಕಾದ್ದೂ ಅಲ್ಲಿಂದಲೇ.

ನೀವೂ ಒಂದು ಕಡೆ ಅದೇ ಗುಂಡಿಗೆ ಬಿದ್ದಿದ್ದೀರಿ. ‘ಮೂರು ದಿನದಲ್ಲಿ 40 ಲಕ್ಷ ಪ್ರತಿ ಮಾರಾಟ, ಆದರೂ ಇಷ್ಟು ಕಡಿಮೆ ಅಂಕ, ಎಂದರೆ ಕೊಂಡವರೆಲ್ಲ ಮೋಸಹೋದರು’ ಎಂದಿದ್ದೀರಿ. 40 ಲಕ್ಷ ಸರಿ, ಅದು ಸೋನಿ ಕಂಪನಿಯೇ ಪ್ರಕಟಿಸಿದ ಸಂಖ್ಯೆ, ಹಾಗೆಂದು ಹೇಳಿ ಬಳಸಬಹುದು. ಕಡಿಮೆ ಅಂಕವೂ ಸರಿ. ಎರಡನ್ನೂ ಹೊಲಿದು ನೀವು ತೆಗೆದ ಮೂರನೇ ಮಾತು ಮಾತ್ರ ಯಾವ ಮೂಲದಲ್ಲೂ ಇಲ್ಲ. ವಿಕಿಪೀಡಿಯದಲ್ಲಿ ಇಂಥದ್ದನ್ನು ಸ್ವಂತ ಸಂಶೋಧನೆ ಎಂದು ಕಿತ್ತುಹಾಕುತ್ತಾರೆ. ನಮ್ಮಲ್ಲಿ ಅಭಿಪ್ರಾಯ ಬರೆಯಲು ಅಡ್ಡಿಯಿಲ್ಲ, ಆದರೆ ಅಂಕ ಹಾಕಿದವರೇ ಕೊಂಡವರು ಎಂದು ನಿಮಗೆ ಹೇಗೆ ಗೊತ್ತು?

ನಿಯಮಗಳ ಬಗ್ಗೆ ಬರೆದ ಭಾಗದಲ್ಲಿ ಮೂರು ತಪ್ಪುಗಳಿವೆ, ಮೂರೂ ಗಂಭೀರ.

‘ದಿನಕ್ಕೆ ಮೂರು ಸಲ ರಿವರ್ಟ್ ಮಾಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ’ ಎಂದಿದ್ದೀರಿ. ಹಕ್ಕಲ್ಲ, ಗೆರೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿಯನ್ನು ವಾಪಸು ಮಾಡಿದರೆ ಖಾತೆಗೆ ತಡೆ ಬೀಳಬಹುದು. ಪ್ರತಿ ಸಲವೂ ಅದೇ ಸಾಲು ಆಗಿರಬೇಕೆಂದಿಲ್ಲ. ಬೆಳಿಗ್ಗೆ ಕಥಾಸಾರದಲ್ಲಿ ಎರಡು, ಸಂಜೆ ಅಂಕದ ಸಾಲಿನಲ್ಲಿ ಎರಡು ಮಾಡಿದರೂ ಒಟ್ಟು ನಾಲ್ಕೇ. ದಿನ ಎಂದರೆ ಕ್ಯಾಲೆಂಡರಿನ ದಿನವೂ ಅಲ್ಲ. ಮೂರು ಮುಗಿಸಿ 25ನೇ ಗಂಟೆಗೆ ನಾಲ್ಕನೆಯದನ್ನು ಮಾಡುವ ಚಾಲಾಕಿಗಳಿಗೂ ತಡೆ ಬೀಳಬಹುದು, ಏಕೆಂದರೆ ಗೆರೆ ದಾಟದೆಯೂ ಎಳೆದಾಟ ನಡೆಸಬಹುದು ಎಂಬುದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣುವ ಕಿಡಿಗೇಡಿತನವನ್ನು ಅಳಿಸುವಂಥ ಕೆಲವು ಕೆಲಸಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿಯೇ ಎದುರಾಳಿಯ ತಿದ್ದುಪಡಿಗೆಲ್ಲ ‘ಕಿಡಿಗೇಡಿತನ’ ಎಂದು ಹಣೆಪಟ್ಟಿ ಹಚ್ಚುವ ಚಾಳಿ ಹುಟ್ಟಿಕೊಂಡಿದೆ. ತಿದ್ದುಪಡಿಯ ಜೊತೆ ಕಾರಣ ಬರೆಯುವ ಸಾರಾಂಶದ ಜಾಗದಲ್ಲಿ ಆ ಪದ ಕಂಡರೆ ತಿದ್ದುಪಡಿಯನ್ನು ನೀವೇ ತೆರೆದು ನೋಡಿ. ಬಹಳ ಸಲ ಅದು ಬರೀ ಭಿನ್ನಾಭಿಪ್ರಾಯವಾಗಿರುತ್ತದೆ.

‘ಏಳು–ನಾಲ್ಕು ಮತಗಳಿಂದ ಪ್ರಸ್ತಾಪ ಬಿತ್ತು.’ ಚರ್ಚಾಪುಟದಲ್ಲಿ ಬೆಂಬಲ, ವಿರೋಧ ಎಂದು ದಪ್ಪಕ್ಷರದಲ್ಲಿ ಬರೆಯುವುದು ನಿಜ, ಆದರೆ ಅದು ಮತದಾನ ಅಲ್ಲ. ಇಬ್ಬರ ನಡುವೆಯಷ್ಟೇ ತಕರಾರಿದ್ದರೆ ಮೂರನೆಯವರ ಅಭಿಪ್ರಾಯ ಕೇಳುವ ಏರ್ಪಾಡಿದೆ. ಹೆಚ್ಚು ಜನ ಸೇರಿದರೆ ಸಾರ್ವಜನಿಕವಾಗಿ ಅಭಿಪ್ರಾಯ ಕರೆಯುತ್ತಾರೆ, ಅದು ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ಕೊನೆಗೆ ಜಗಳದಲ್ಲಿ ಪಾಲ್ಗೊಳ್ಳದ ಯಾರಾದರೊಬ್ಬರು ವಾದಗಳ ತೂಕ ನೋಡಿ ಮುಗಿಸುತ್ತಾರೆ. ನಿಯಮವನ್ನೂ ಮೂಲವನ್ನೂ ತೋರಿಸಿದ ನಾಲ್ಕು ಜನರ ಮಾತು, ‘ನನಗೂ ಹಾಗೇ ಅನಿಸುತ್ತದೆ’ ಎಂದ ಏಳು ಜನರ ಮಾತಿಗಿಂತ ಹೆಚ್ಚು ತೂಗಬಹುದು. ಹೊರಗಿನ ಯಾವುದೋ ತಾಣದಲ್ಲಿ ‘ಎಲ್ಲರೂ ಬನ್ನಿ, ಬರೆಯಿರಿ’ ಎಂದು ಕೂಗು ಹಾಕಿದ್ದು ತಿಳಿದರೆ, ಇದು ಮತದಾನ ಅಲ್ಲ ಎಂಬ ಫಲಕವನ್ನೇ ಚರ್ಚೆಯ ನೆತ್ತಿಗೆ ತಂದು ಅಂಟಿಸುತ್ತಾರೆ. ಆದ್ದರಿಂದ ತಲೆ ಎಣಿಸಬೇಡಿ. ಮುಗಿಸಿದವರು ಕೊಟ್ಟ ಕಾರಣವನ್ನು ಬರೆಯಿರಿ.

‘ನಿರ್ವಾಹಕರು ಹಳಬರ ಪರ ತೀರ್ಪು ಕೊಟ್ಟು ಪುಟಕ್ಕೆ ಬೀಗ ಹಾಕಿದರು.’ ಯಾವ ವಾಕ್ಯ ಸರಿ ಎಂದು ತೀರ್ಪು ಕೊಡುವುದು ನಿರ್ವಾಹಕರ ಕೆಲಸವಲ್ಲ. ಅವರು ಎಳೆದಾಟ ನಿಲ್ಲಿಸುತ್ತಾರೆ, ಅಷ್ಟೇ. ಬೀಗ ಬಿದ್ದ ಗಳಿಗೆಯಲ್ಲಿ ಯಾವ ಆವೃತ್ತಿ ಇತ್ತೋ ಸಾಮಾನ್ಯವಾಗಿ ಅದೇ ಉಳಿಯುತ್ತದೆ, ಮತ್ತು ಒಂದಲ್ಲ ಒಂದು ಪಕ್ಷಕ್ಕೆ ಅದು ಯಾವಾಗಲೂ ‘ತಪ್ಪು ಆವೃತ್ತಿ’ಯೇ. ವಿಕಿಪೀಡಿಯನ್ನರ ನಡುವೆ ಇದು ಹಳೇ ನಗೆಚಟಾಕಿ. ಬೀಗಗಳಲ್ಲೂ ಮಟ್ಟಗಳಿವೆ. ಅರೆಬೀಗ ಹಾಕಿದ ಪುಟವನ್ನು ತಿದ್ದಲು ಖಾತೆಗೆ 4 ದಿನ ವಯಸ್ಸಾಗಿ 10 ತಿದ್ದುಪಡಿ ಆಗಿರಬೇಕು. ಅದಕ್ಕೂ ಮೇಲಿನದಕ್ಕೆ 30 ದಿನ, 500 ತಿದ್ದುಪಡಿ. ಪೂರ್ತಿ ಬೀಗವಾದರೆ ನಿರ್ವಾಹಕರನ್ನು ಬಿಟ್ಟು ಯಾರೂ ತಿದ್ದುವಂತಿಲ್ಲ. ಹೊಸಬರಿಗೆ ‘ನಮ್ಮನ್ನು ಹೊರಗಿಟ್ಟರು’ ಎನಿಸುವುದು ಈ ಮೊದಲ ಮಟ್ಟದಲ್ಲೇ. ಆ ಅನಿಸಿಕೆಯನ್ನು ಬರೆಯಿರಿ, ಅದು ನಿಜ. ಆದರೆ ಯಾವ ಮಟ್ಟದ ಬೀಗ ಎಂಬುದನ್ನೂ ಬರೆಯಿರಿ.

ಈಗ ಇತಿಹಾಸ ಪುಟ ಓದುವ ಬಗೆ. ಲೇಖನದ ಮೇಲ್ಗಡೆ ಇತಿಹಾಸ ನೋಡುವ ಕೊಂಡಿ ಒತ್ತಿ, ದಿನಾಂಕವನ್ನು 2020ರ ಜೂನ್ ಕೊನೆಗೆ ಹೊಂದಿಸಿ. ಪ್ರತಿ ಸಾಲಿನಲ್ಲೂ ಎಷ್ಟು ಬೈಟ್ ಕೂಡಿತು, ಕಳೆಯಿತು ಎಂದು ಇರುತ್ತದೆ. +214, ಅದರ ಮೇಲೆ −214, ಮತ್ತೆ +214 ಎಂದು ಕಂಡರೆ ಅಲ್ಲೇ ಎಳೆದಾಟ ನಡೆದಿದೆ. ಲೆಕ್ಕ ಸರಿಸಮ ಬರದಿದ್ದರೂ ಭಾಗಶಃ ರಿವರ್ಟ್ ಆಗಿರಬಹುದು, ಅದಕ್ಕೆ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲೇಬೇಕು. ‘ರಿವರ್ಟ್ ಆದದ್ದು’ ಎಂದು ತಂತಾನೇ ಬೀಳುವ ಗುರುತುಗಳನ್ನು ನೆಚ್ಚಬೇಡಿ, ಹಳೆಯ ತಿದ್ದುಪಡಿಗಳಲ್ಲಿ ಅವು ಇರುವುದಿಲ್ಲ. ಲಾಗಿನ್ ಆಗದೆ ನೋಡಿದರೆ ಸಮಯ ಯುಟಿಸಿಯಲ್ಲಿ, ಎಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇರುತ್ತದೆ: ಅಲ್ಲಿ 19ರ 20:00 ಎಂದಿದ್ದರೆ ನಮ್ಮಲ್ಲಿ 20ರ ನಸುಕಿನ 1:30. ನೀವು 24 ಗಂಟೆಯ ಲೆಕ್ಕ ತಪ್ಪಿರುವುದು ಬಹುಶಃ ಇಲ್ಲೇ. ಒಂದು ಕಡೆ ಯುಟಿಸಿ, ಇನ್ನೊಂದು ಕಡೆ ನಮ್ಮ ಸಮಯ ಹಾಕಿದ್ದೀರಿ. ಹಳೆಯ ಚರ್ಚೆಗಳು ಚರ್ಚಾಪುಟದಲ್ಲಿ ಹಾಗೇ ಕೂತಿರುವುದಿಲ್ಲ, ಬಾಟ್‌ಗಳು ಎಂಬ ಸ್ವಯಂಚಾಲಿತ ತಂತ್ರಾಂಶಗಳು ಅವನ್ನು ಕಡತ ಪುಟಗಳಿಗೆ ಸಾಗಿಸಿರುತ್ತವೆ, ಅಲ್ಲಿ ಹುಡುಕಿ. ಸಿಕ್ಕಿದ್ದಕ್ಕೆ ಆ ಆವೃತ್ತಿಯ ಶಾಶ್ವತ ಕೊಂಡಿಯನ್ನೇ ಎತ್ತಿಟ್ಟುಕೊಳ್ಳಿ, ಲೇಖನದ ಸಾಮಾನ್ಯ ವಿಳಾಸ ಕೊಟ್ಟರೆ ನಾಳೆ ಅಲ್ಲಿ ಬೇರೇನೋ ಇರುತ್ತದೆ.

ಕಥಾಸಾರದ ಜಗಳವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಬೇಸರವಾಯಿತು. ಇಂಥ ಲೇಖನಗಳಲ್ಲಿ ಕಥೆಗೆ ಸುಮಾರು 700 ಪದ ಎಂಬ ಮಿತಿ ಇದೆ, ಅಭಿಮಾನಿಗಳು ದಿನಕ್ಕೊಂದು ವಿವರ ತುರುಕುತ್ತಾರೆ, ಇನ್ಯಾರೋ ಕತ್ತರಿಸುತ್ತಾರೆ. ಕಥೆಯ ಗುಟ್ಟು ಬಯಲಾಗುತ್ತದೆ ಎಂಬ ಕಾರಣಕ್ಕೆ ಅಳಿಸುವಂತಿಲ್ಲ. ಮೊದಲ ಆಟದ ನಾಯಕ ಜೋಯೆಲ್ ಇದರ ಆರಂಭದಲ್ಲೇ ಅಬ್ಬಿ ಎಂಬವಳ ಕೈಯಲ್ಲಿ ಸಾಯುತ್ತಾನೆ. ಮುಂದೆ ಆಟದ ಹೆಚ್ಚುಕಡಿಮೆ ಅರ್ಧ ಭಾಗವನ್ನು ಆಟಗಾರ ಅಬ್ಬಿಯಾಗಿಯೇ ಆಡಬೇಕು. ‘ಕೊಂದಳು’, ‘ಹತ್ಯೆ ಮಾಡಿದಳು’, ‘ಸೇಡು ತೀರಿಸಿಕೊಂಡಳು’, ಇವುಗಳಲ್ಲಿ ಯಾವುದನ್ನು ಬರೆದರೂ ಪಕ್ಷ ವಹಿಸಿದಂತೆ ಯಾರಿಗಾದರೂ ಕಾಣುತ್ತದೆ. ಜನರ ಸಿಟ್ಟಿನ ಬೇರು ಇಲ್ಲೂ ಇದೆ. ಅಂಕದ ಜಗಳಕ್ಕಿಂತ ಇದು ನಿಮಗೆ ಹೆಚ್ಚು ಒಳ್ಳೆಯ ಸಾಮಗ್ರಿ ಕೊಟ್ಟೀತು.

ಕೊನೆಯಲ್ಲಿ ‘ಕನ್ನಡ ವಿಕಿಪೀಡಿಯದಲ್ಲೂ ಇದೇ ಕಥೆ’ ಎಂದು ಒಂದು ಮಾತು ಸೇರಿಸಿದ್ದೀರಿ, ಉದಾಹರಣೆ ಇಲ್ಲ. ಪ್ರತಿ ಭಾಷೆಯ ವಿಕಿಪೀಡಿಯವೂ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳುತ್ತದೆ, ಇಂಗ್ಲಿಷಿನದ್ದು ಕನ್ನಡಕ್ಕೆ ತಂತಾನೇ ಅನ್ವಯಿಸುವುದಿಲ್ಲ. ಇಲ್ಲಿನ ಸಾಮಾನ್ಯ ಚರ್ಚೆಗಳು ‘ಅರಳಿ ಕಟ್ಟೆ’ ಪುಟದಲ್ಲಿ ನಡೆಯುತ್ತವೆ. ಅದನ್ನು ಓದಿ ಹೋಲಿಸುವುದಾದರೆ ಹೋಲಿಸಿ, ಇಲ್ಲದಿದ್ದರೆ ಆ ಸಾಲು ಬೇಡ.

ಸಂಪಾದಕರ ಬಳಕೆದಾರ ಹೆಸರುಗಳನ್ನು ತೆಗೆದುಬಿಡಿ. ಅವು ಅಡ್ಡಹೆಸರುಗಳೇ ಇರಬಹುದು, ಆದರೂ ಹಿಂದೆ ಮನುಷ್ಯರಿದ್ದಾರೆ. ಇಬ್ಬರು ಒಬ್ಬರೇ ಇರಬಹುದು ಎಂಬ ನಿಮ್ಮ ಗುಮಾನಿಯಂತೂ ಬೇಡವೇ ಬೇಡ; ಅದನ್ನು ಪರೀಕ್ಷಿಸುವ ತಾಂತ್ರಿಕ ಅಧಿಕಾರ ಅಲ್ಲಿ ಕೆಲವರಿಗಷ್ಟೇ ಇದೆ, ನಿಮಗೂ ಇಲ್ಲ, ನನಗೂ ಇಲ್ಲ.

ಒಂದೇ ವಾಕ್ಯ ಹಿಡಿಯಿರಿ, ಅದರ ಮೂರು ಆವೃತ್ತಿ ತೋರಿಸಿ, ಪ್ರತಿ ಬದಲಾವಣೆಗೆ ಎರಡೂ ಕಡೆಯವರು ಕೊಟ್ಟ ಕಾರಣ ಬರೆಯಿರಿ. 1,200 ಪದ ಸಾಕು. ಚಿತ್ರಕ್ಕೆಂದು ವಿಕಿಪೀಡಿಯದಿಂದ ಇಳಿಸಿ ಕಳಿಸಿರುವ ಆಟದ ಮುಖಪುಟ ಹಾಕಲಾಗುವುದಿಲ್ಲ, ಅದು ಕಂಪನಿಯ ಸ್ವತ್ತು. ಅಲ್ಲಿ ಅದನ್ನು ಸಣ್ಣ ಅಳತೆಯಲ್ಲಿ, ಕಾರಣ ನಮೂದಿಸಿ ಬಳಸಿರುತ್ತಾರೆ. ಬದಲಿಗೆ ಎರಡು ಆವೃತ್ತಿ ಅಕ್ಕಪಕ್ಕ ಇರುವ ಸ್ಕ್ರೀನ್‌ಶಾಟ್ ಕಳಿಸಿ, ಹೆಸರುಗಳನ್ನು ಮಸುಕು ಮಾಡಿ. ಅಲ್ಲಿನ ಪಠ್ಯ ಸಿಸಿ ಬೈ-ಎಸ್‌ಎ 4.0 (ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಹಂಚಿಕೊಳ್ಳಬಹುದಾದ) ಪರವಾನಗಿಯಲ್ಲಿದೆ, ಹಾಗಾಗಿ ಚಿತ್ರದ ಕೆಳಗೆ ಪರವಾನಗಿಯ ಹೆಸರನ್ನೂ ಪುಟದ ಕೊಂಡಿಯನ್ನೂ ಕೊಡುವುದು ಮರೆಯಬೇಡಿ.

ಇಂತಿ,
ಸಂಪಾದಕ