ಓದುಗರ ಪ್ರಶ್ನೆ: ನುಡಿದದ್ದು ನಡೆಯಿತೆ, ನಡೆದದ್ದನ್ನು ನುಡಿದರೆ?

ಪ್ರಶ್ನೆ: ಕ್ರೈಸ್ತ ಗೆಳೆಯರೊಬ್ಬರಿಗೂ ನನಗೂ ಹಲವು ತಿಂಗಳಿಂದ ವಾದ ನಡೆದಿದೆ. ಮೆಡಿಟರೇನಿಯನ್ ಕಡಲತೀರದ ತೂರ್ ಪಟ್ಟಣದ ನಾಶವನ್ನೂ ಪಾರಸಿಯ ಅರಸ ಕೋರೆಷನ (ಸೈರಸ್) ಹೆಸರನ್ನೂ ಪ್ರವಾದಿಗಳು ಮೊದಲೇ ಹೇಳಿದ್ದರು, ಆದ್ದರಿಂದ ಬೈಬಲ್ ದೇವರ ಮಾತು, ಸೃಷ್ಟಿಕರ್ತನಿದ್ದಾನೆ ಎಂಬುದಕ್ಕೂ ಅದೇ ಸಾಕ್ಷಿ ಎನ್ನುತ್ತಾರೆ ಅವರು. ಅವೆಲ್ಲ ಘಟನೆ ನಡೆದ ಮೇಲೆ ಬರೆದು ಸೇರಿಸಿದ ಮಾತುಗಳು ಎನ್ನುತ್ತೇನೆ ನಾನು. ಯಾರದು ಸರಿ?

ಉತ್ತರ: ತೂರ್ ವಿಷಯದಲ್ಲಿ ನಿಮ್ಮ ಆಕ್ಷೇಪ ನಿಲ್ಲುವುದಿಲ್ಲ, ಆದರೆ ಅದರಿಂದ ನಿಮ್ಮ ಗೆಳೆಯರು ಗೆದ್ದಂತೆಯೂ ಆಗುವುದಿಲ್ಲ. ಬೈಬಲಿನ ಪ್ರವಾದಿ ಯೆಹೆಜ್ಕೇಲನ ಗ್ರಂಥದ 26ನೆಯ ಅಧ್ಯಾಯವು ಬಾಬಿಲೋನಿನ ಅರಸ ನೆಬೂಕದ್ನೆಚ್ಚರನನ್ನು ಹೆಸರಿಸಿ, ಅವನು ತೂರಿನ ಗೋಡೆಗಳನ್ನು ಕೆಡವಿ ಬೀದಿಗಳನ್ನು ತುಳಿಯುವನು, ಪಟ್ಟಣವು ಬೋಳುಬಂಡೆಯಾಗಿ ಮತ್ತೆಂದೂ ಕಟ್ಟಲ್ಪಡದು ಎಂದು ಸಾರುತ್ತದೆ. ನಡೆದದ್ದೇ ಬೇರೆ. ನೆಬೂಕದ್ನೆಚ್ಚರನ ಮುತ್ತಿಗೆ 13 ವರ್ಷ ಎಳೆಯಿತೆಂದು ಯೆಹೂದಿ ಇತಿಹಾಸಕಾರ ಜೋಸೀಫಸ್ ದಾಖಲಿಸಿದ್ದಾನೆ. ಆದರೂ ಪಟ್ಟಣದ ದ್ವೀಪಭಾಗವಾದ ಸಮುದ್ರದ ನಡುವಿನ ಕೋಟೆ ಅರಸನಿಗೆ ಲೂಟಿಯಾಗಿ ದಕ್ಕಲಿಲ್ಲ. ಇದನ್ನು ಹೇಳುತ್ತಿರುವವರು ಬೈಬಲಿನ ವಿರೋಧಿಗಳಲ್ಲ, ಸ್ವತಃ ಯೆಹೆಜ್ಕೇಲನೇ. ಅವನ 29ನೆಯ ಅಧ್ಯಾಯದಲ್ಲಿ, ಸೈನಿಕರ ತಲೆ ಬೋಳಾಗಿ ಹೆಗಲು ಕೆತ್ತಿಹೋಗುವಷ್ಟು ದುಡಿದರೂ ಅರಸನಿಗೆ ತೂರಿನಿಂದ ಕೂಲಿ ಸಿಗಲಿಲ್ಲ, ಅದಕ್ಕೆ ಬದಲಾಗಿ ಐಗುಪ್ತವನ್ನು (ಈಜಿಪ್ಟ್) ಕೊಡುತ್ತೇನೆ ಎಂಬ ದೇವವಾಕ್ಯವಿದೆ.

ನಡೆದ ಮೇಲೆ ಬರೆದವನು ಇಂಥ ಎಡವಟ್ಟನ್ನು ಪುಸ್ತಕದಲ್ಲಿ ಉಳಿಸುತ್ತಿದ್ದನೆ? ಆ ಮಾತು ನಿಜಕ್ಕೂ ಮುಂಚಿತವಾಗಿ ನುಡಿದದ್ದು ಎಂಬುದಕ್ಕೆ ಅದು ಪೂರ್ತಿ ನೆರವೇರದಿರುವುದೇ ಬಲವಾದ ಗುರುತು. ನಿಮ್ಮ ಗೆಳೆಯರು ಬಹುಶಃ ಅಲೆಕ್ಸಾಂಡರನನ್ನು ಕರೆತರುತ್ತಾರೆ. ಕ್ರಿ.ಪೂ. 332ರಲ್ಲಿ ಅವನು ದಡದ ಹಳೆಯ ಪಟ್ಟಣದ ಕಲ್ಲುಮಣ್ಣನ್ನೇ ಸಮುದ್ರಕ್ಕೆ ಸುರಿದು, ದ್ವೀಪದವರೆಗೆ ದಾರಿ ಕಟ್ಟಿ, ಏಳು ತಿಂಗಳ ಮುತ್ತಿಗೆಯ ಬಳಿಕ ತೂರನ್ನು ಗೆದ್ದನು. ನಿನ್ನ ಕಲ್ಲು, ಮರ, ಮಣ್ಣನ್ನು ನೀರಿಗೆ ಹಾಕುವರು ಎಂಬ 12ನೆಯ ವಚನಕ್ಕೂ ಇದಕ್ಕೂ ಇರುವ ಹೋಲಿಕೆ ಬೆರಗು ಹುಟ್ಟಿಸುವಂಥದ್ದೇ, ಅದನ್ನು ತಳ್ಳಿಹಾಕಬೇಡಿ. ಆದರೆ ಅದೇ ಪ್ರವಾದನೆಯ ಕೊನೆಯ ಮಾತು ಅಲೆಕ್ಸಾಂಡರನಿಂದಲೂ ಈಡೇರಲಿಲ್ಲ. ಯೇಸು ತೂರಿನ ಸೀಮೆಗೆ ಹೋದದ್ದನ್ನು ಮಾರ್ಕನೂ, ಪೌಲನು ತೂರಿನಲ್ಲಿ ಏಳು ದಿನ ತಂಗಿದ್ದನ್ನು ಅಪೊಸ್ತಲರ ಕೃತ್ಯಗಳೂ ಹೇಳುತ್ತವೆ. ಲೆಬನಾನಿನ ಕರಾವಳಿಯಲ್ಲಿ ಸೂರ್ ಎಂಬ ಹೆಸರಿನಿಂದ ಆ ಪಟ್ಟಣ ಇಂದಿಗೂ ಇದೆ.

ಕೋರೆಷನ ವಿಷಯ ಇದಕ್ಕಿಂತ ತೊಡಕಿನದು. ಯೆಶಾಯನು ಕ್ರಿ.ಪೂ. 8ನೆಯ ಶತಮಾನದವನು, ಕೋರೆಷನು ಬಾಬಿಲೋನನ್ನು ಹಿಡಿದದ್ದು ಕ್ರಿ.ಪೂ. 539ರಲ್ಲಿ. ಆ ಅರಸನ ಹೆಸರು ಯೆಶಾಯನ 44 ಮತ್ತು 45ನೆಯ ಅಧ್ಯಾಯಗಳಲ್ಲಿ ನೇರವಾಗಿ ಬರುತ್ತದೆ. ಆದರೆ 40ನೆಯ ಅಧ್ಯಾಯದಿಂದ ಮುಂದಕ್ಕೆ ಓದಿದರೆ ಯೆರೂಸಲೇಮು ಆಗಲೇ ಹಾಳುಬಿದ್ದಿರುವುದನ್ನೂ ಜನರು ಬಾಬಿಲೋನಿನ ಸೆರೆಯಲ್ಲಿರುವುದನ್ನೂ ಲೇಖಕನು ಕಣ್ಣಮುಂದಿನ ಸಂಗತಿಯಂತೆ ಕಾಣುತ್ತಾನೆ, ಭವಿಷ್ಯದಂತೆ ಅಲ್ಲ. ಈ ಭಾಗ ಬೇರೆ ಕಾಲದ್ದಿರಬಹುದೆಂಬ ಸೂಚನೆಯನ್ನು 12ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಕೊಟ್ಟಿದ್ದನು, ಅವನೇನೂ ನಾಸ್ತಿಕನಲ್ಲ. ಇಂದು ಬಹುಪಾಲು ವಿದ್ವಾಂಸರು ಈ ಅಧ್ಯಾಯಗಳನ್ನು ಸೆರೆವಾಸದ ಕಾಲದ ಮತ್ತೊಬ್ಬ ಪ್ರವಾದಿಯ ರಚನೆಯೆಂದು ಒಪ್ಪುತ್ತಾರೆ. 1947ರಿಂದ ಮೃತ ಸಮುದ್ರದ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಿ ಯೆಶಾಯನ ಇಡೀ ಗ್ರಂಥ ಒಂದೇ ಸುರುಳಿಯಲ್ಲಿದೆಯಲ್ಲ ಎಂದು ಗೆಳೆಯರು ಕೇಳಬಹುದು. ಇದೆ, ಆದರೆ ಆ ಪ್ರತಿ ಕ್ರಿ.ಪೂ. 2ನೆಯ ಶತಮಾನದ್ದು, ಕೋರೆಷನಿಗಿಂತ ಸುಮಾರು 400 ವರ್ಷ ಈಚಿನದು. ಹಾಗಾಗಿ ಕೋರೆಷನ ಪ್ರಕರಣದಲ್ಲಿ ಅದು ಯಾವ ಪಕ್ಷಕ್ಕೂ ಸಾಕ್ಷಿಯಾಗದು.

ಹೀಗೆ ಒಂದು ಕಡೆ ಕಾಲ ಖಚಿತ, ನೆರವೇರಿಕೆ ಅರ್ಧ. ಇನ್ನೊಂದು ಕಡೆ ನೆರವೇರಿಕೆ ಖಚಿತ, ಕಾಲ ಸಂದೇಹದ್ದು. ದೇವರಿಗಲ್ಲದೆ ಬೇರೆ ಯಾರಿಗೂ ತಿಳಿಯಲಾರದ ಮಾತು ಎಂದು ವಾದಿಸಬೇಕಾದರೆ ಎರಡೂ ಒಂದೇ ಕಡೆ ಕೂಡಿಬರಬೇಕು. ನಿಮ್ಮ ಗೆಳೆಯರ ಎರಡು ಉದಾಹರಣೆಗಳಲ್ಲಿ ಅವು ಕೂಡಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ.

ಪ್ರಶ್ನೆ: ಯೆಶಾಯನ 53ನೆಯ ಅಧ್ಯಾಯದಲ್ಲಿ ಯೇಸುವಿನ ಮರಣದ ವರ್ಣನೆ ಇದೆಯಲ್ಲವೆ? ಅದನ್ನು ಆಮೇಲೆ ಬರೆದದ್ದು ಎನ್ನಲಾದೀತೆ?

ಉತ್ತರ: ಎನ್ನಲಾಗದು. ಮೇಲೆ ಹೇಳಿದ ಸುರುಳಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ: ಆ ಅಧ್ಯಾಯ ಯೇಸುವಿಗಿಂತ ಹಿಂದಿನದೆಂಬುದರಲ್ಲಿ ಸಂಶಯವಿಲ್ಲ. ಉಳಿಯುವ ಪ್ರಶ್ನೆ, ಅಲ್ಲಿ ನೋವುಣ್ಣುವ ಸೇವಕನು ಯಾರು ಎಂಬುದು. 49ನೆಯ ಅಧ್ಯಾಯದ 3ನೆಯ ವಚನ ಸೇವಕನನ್ನು ಇಸ್ರಾಯೇಲ್ ಎಂದೇ ಕರೆಯುತ್ತದೆ. ಯೆಹೂದಿ ವ್ಯಾಖ್ಯಾನಕಾರರಲ್ಲಿ ಅನೇಕರು ಹಿಡಿದದ್ದು ಆ ಅರ್ಥವನ್ನೇ. ಜೊತೆಗೆ, ಸುವಾರ್ತೆಗಳನ್ನು ಬರೆದವರಿಗೆ ಯೆಶಾಯನ ಗ್ರಂಥ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರು ಘಟನೆಯನ್ನು ಆ ಮಾತುಗಳ ಬೆಳಕಿನಲ್ಲಿ ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಪ್ರಶ್ನೆ: ದಾನಿಯೇಲನ ಗ್ರಂಥದಿಂದ ಲೋಕಾಂತ್ಯದ ವರ್ಷವನ್ನು ಲೆಕ್ಕ ಹಾಕಬಹುದೆ?

ಉತ್ತರ: ಹಾಕಿದವರಿದ್ದಾರೆ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಮರಳುವನೆಂದು ಕಾದು ಕುಳಿತರು. ಮರುದಿನ ಎಂದಿನಂತೆ ಬೆಳಗಾಯಿತು.

ಪ್ರಶ್ನೆ: ಪ್ರವಾದನೆಯ ಮಾತು ಹಾಗಿರಲಿ. ಮಹಾಸ್ಫೋಟದಿಂದ ವಿಶ್ವಕ್ಕೊಂದು ಆರಂಭವಿದೆ ಎಂದು ವಿಜ್ಞಾನವೇ ಹೇಳಿದ ಮೇಲೆ ಸೃಷ್ಟಿಕರ್ತನನ್ನು ಒಪ್ಪದೆ ಬೇರೆ ದಾರಿಯಿದೆಯೆ?

ಉತ್ತರ: ಈ ಸಿದ್ಧಾಂತಕ್ಕೆ ಮೊದಲ ರೂಪ ಕೊಟ್ಟವರಲ್ಲಿ ಪ್ರಮುಖರಾದ ಜಾರ್ಜ್ ಲೆಮೈತ್ರ್ ಬೆಲ್ಜಿಯಮ್ಮಿನ ಕ್ಯಾಥೊಲಿಕ್ ಪಾದ್ರಿ. ಆದರೂ 1951ರಲ್ಲಿ ಪೋಪ್ 12ನೆಯ ಪಿಯುಸ್ ಆ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತನಾಡಿದಾಗ ಅದು ಅವರಿಗೆ ಹಿಡಿಸಲಿಲ್ಲ. ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವವು ಅತಿ ದಟ್ಟವಾಗಿ, ಅತಿ ಬಿಸಿಯಾಗಿ ಇತ್ತು ಎಂದು ಹೇಳುವುದು ಬೇರೆ, ಅದಕ್ಕೆ ಮೊದಲು ಏನೂ ಇರಲಿಲ್ಲ ಎಂದು ಹೇಳುವುದು ಬೇರೆ. ಎರಡನೆಯದನ್ನು ಸಿದ್ಧಾಂತವು ಹೇಳುವುದಿಲ್ಲ.

ನನಗೆ ಇದಕ್ಕಿಂತ ಗಟ್ಟಿಯೆನಿಸುವುದು ವಿಶ್ವದ ನಿಯಮಗಳು ಜೀವಕ್ಕೆ ಹೊಂದಿಕೊಂಡಿರುವುದರಿಂದ ಹೊರಡುವ ವಾದ. ಜೀವಕ್ಕೆ ಆಧಾರವಾದ ಇಂಗಾಲ ನಕ್ಷತ್ರಗಳ ಒಡಲಲ್ಲಿ ಸಾಕಷ್ಟು ಹುಟ್ಟಬೇಕಾದರೆ ಅದರ ಪರಮಾಣು ಬೀಜಕ್ಕೆ ಒಂದು ನಿರ್ದಿಷ್ಟ ಶಕ್ತಿಮಟ್ಟ ಇರಲೇಬೇಕೆಂದು ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಮುಂಚಿತವಾಗಿ ಹೇಳಿದರು. ಹುಡುಕಿದಾಗ ಸುಮಾರು 76.5 ಲಕ್ಷ ಎಲೆಕ್ಟ್ರಾನ್ ವೋಲ್ಟಿನಲ್ಲಿ ಅದು ಸಿಕ್ಕಿತು. (ಕಾಲವೂ ನೆರವೇರಿಕೆಯೂ ಒಟ್ಟಿಗೆ ಖಚಿತವಾಗಿರುವ ಭವಿಷ್ಯವಾಣಿ ಹೇಗಿರುತ್ತದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.) ಮಹಾಸ್ಫೋಟವನ್ನು ಕಡೆಯವರೆಗೂ ಒಪ್ಪದ ಹಾಯ್ಲರಿಗೂ ಇದರ ಹಿಂದೆ ಯಾವುದೋ ಬುದ್ಧಿಶಕ್ತಿ ಕೈಯಾಡಿಸಿರಬೇಕು ಎನಿಸಿತ್ತು. ವಿಶ್ವಗಳು ಅಸಂಖ್ಯವಾಗಿದ್ದು, ನಾವು ಹುಟ್ಟಲು ಸಾಧ್ಯವಿದ್ದ ವಿಶ್ವದಲ್ಲಿ ನಾವಿದ್ದೇವೆ ಅಷ್ಟೆ ಎಂಬುದು ಎದುರುವಾದ. ಬೇರೆ ವಿಶ್ವಗಳನ್ನೂ ಯಾರೂ ಕಂಡಿಲ್ಲವಾದ್ದರಿಂದ, ಈ ಎದುರುವಾದವೂ ಕಾಣದ್ದನ್ನೇ ನಂಬಿ ನಿಂತಿದೆ ಎಂದು ಆಸ್ತಿಕರು ಹೇಳಿದರೆ ನಾನು ತಪ್ಪೆನ್ನಲಾರೆ.

ಮಡಕೆಗೆ ಕುಂಬಾರನಿರುವಂತೆ ಕಾರ್ಯವಾದ ಜಗತ್ತಿಗೆ ಕರ್ತನಿರಬೇಕು ಎಂಬ, ನ್ಯಾಯದರ್ಶನದ ತಾರ್ಕಿಕ ಉದಯನನ ವಾದ ನಮಗೆ ಹಳೆಯ ಪರಿಚಯದ್ದು. ಅದಕ್ಕೂ ಮೊದಲೇ, 9ನೆಯ ಶತಮಾನದಲ್ಲಿ, ನಮ್ಮ ಪಂಪನಿಗೆ ಆದಿಪುರಾಣದ ಆಕರವನ್ನಿತ್ತ ಜೈನ ಗುರು ಜಿನಸೇನಾಚಾರ್ಯರು ಕೇಳಿದ್ದರು: ಕರ್ತನು ಪರಿಪೂರ್ಣನಾಗಿದ್ದರೆ ಸೃಷ್ಟಿಸಬೇಕೆಂಬ ಇಚ್ಛೆ ಅವನಲ್ಲಿ ಏಕೆ ಹುಟ್ಟಿತು? ಪೂರ್ಣತೆಗೆ ಇಚ್ಛೆ ಎಂದರೆ ಕೊರತೆಯೇ ಆಗಬೇಕಿಲ್ಲ, ಅದು ತುಂಬಿ ಹರಿಯುವಿಕೆಯೂ ಆಗಬಹುದು ಎಂದು ಆಸ್ತಿಕರು ಉತ್ತರಿಸುತ್ತಾರೆ. ಆ ಉತ್ತರ ನನ್ನನ್ನು ಅರ್ಧ ಮಾತ್ರ ಒಪ್ಪಿಸಿದೆ.

ಪ್ರಶ್ನೆ: ಹಾಗಾದರೆ ಪ್ರವಾದನೆ ಸುಳ್ಳಾದರೆ ಸೃಷ್ಟಿಕರ್ತನೂ ಇಲ್ಲವೆಂದಾಯಿತೆ?

ಉತ್ತರ: ಆಗುವುದಿಲ್ಲ, ಮತ್ತು ಮೊದಲ ಪ್ರಶ್ನೆ ಕೇಳಿದ ಓದುಗರೂ ಅವರ ಗೆಳೆಯರೂ ತಿಂಗಳುಗಟ್ಟಲೆ ಸುತ್ತುತ್ತಿರುವುದು ಈ ಗಂಟಿನ ಸುತ್ತಲೇ ಎಂದು ನನಗನಿಸುತ್ತದೆ. ತೂರ್ ಇಂದಿಗೂ ಇದೆ ಎಂದ ಮಾತ್ರಕ್ಕೆ ಇಂಗಾಲದ ಲೆಕ್ಕ ತಪ್ಪುವುದಿಲ್ಲ. ಇಂಗಾಲದ ಲೆಕ್ಕ ಸರಿಯಾದ ಮಾತ್ರಕ್ಕೆ ಯೆಹೆಜ್ಕೇಲನ ಮಾತು ನೆರವೇರಿದಂತಾಗುವುದೂ ಇಲ್ಲ. ವಿಶ್ವದ ಹಿಂದೆ ಒಂದು ಬುದ್ಧಿಯಿದೆ ಎಂದು ಒಪ್ಪಿದವನು ಅದು ಯೆಶಾಯನೊಂದಿಗೆ ಮಾತನಾಡಿತು ಎಂಬುದನ್ನು ಬೇರೆಯಾಗಿಯೇ ಸಾಧಿಸಬೇಕು. ಆದ್ದರಿಂದ ಮುಂದಿನ ಸಲ ಇಬ್ಬರೂ ಕುಳಿತಾಗ ಸೃಷ್ಟಿಕರ್ತನ ವಿಚಾರವನ್ನು ಬದಿಗಿಟ್ಟು, ಯೆಹೆಜ್ಕೇಲನ 26 ಮತ್ತು 29ನೆಯ ಅಧ್ಯಾಯಗಳನ್ನು ಒಂದರ ಹಿಂದೆ ಒಂದರಂತೆ ಗಟ್ಟಿಯಾಗಿ ಓದಿ. 26ನ್ನು ನೀವು ಓದಿ, 29ನ್ನು ಓದುವ ಸರದಿ ಗೆಳೆಯರದಾಗಲಿ.